ಮೆಟ್ಟುಗತ್ತಿಯ ಸುತ್ತ ಸಂವಿಧಾನದ ಮಾತು

ಶಿರಸಿ ಪೇಟೆ ಬಿಟ್ಟು ಹುಲೇಕಲ್ ರಸ್ತೆ ಹಿಡಿದರೆ ಅರ್ಧ ಗಂಟೆಯೊಳಗೆ ಗಾಳಿಯ ವಾಸನೆಯೇ ಬೇರೆ. ಕೊಯ್ಲಿನ ಕಾಲದಲ್ಲಿ ಈ ಸೀಮೆಯ ತುಂಬ ಬೇಯುವ ಅಡಿಕೆಯ ಒಗರು. ಹಗಲಿಡೀ ಕೊನೆಗೌಡ ಮರದಿಂದ ಮರಕ್ಕೆ ತೂಗಿಕೊಂಡು ಇಳಿಸಿದ ಕೊನೆಗಳು ಸಂಜೆಗೆ ಅಂಗಳ ಸೇರುತ್ತವೆ. ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಮನೆಯವರು ಸುಲಿಯಲು ಬರುತ್ತಾರೆ. ಬಲ್ಬಿನ ಬೆಳಕಿನಡಿ ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ. ಹಸಿಗಾಯಿಯನ್ನು ಅಲಗಿಗೆ ಒತ್ತಿ, ತುಸು ತಿರುಗಿಸಿ, ಸಿಪ್ಪೆ ಕಿತ್ತರೆ ಬೇಳೆ ಬುಟ್ಟಿಗೆ, ಸಿಪ್ಪೆ ಬದಿಗೆ. ಒಗರು ಹತ್ತಿ ಬೆರಳ ತುದಿಗಳೆಲ್ಲ ಕಪ್ಪು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುವಾಗ ಬಾಯಿಗೆ ಬಿಡುವೋ ಬಿಡುವು. ಧಾರಣೆ, ಕೊಳೆರೋಗ, ಮಂಗನ ಕಾಟ, ಮೊನ್ನೆಯ ಆಟ ಎಲ್ಲ ಮುಗಿದ ಮೇಲೆ ಮಾತು ರಾಜಕೀಯಕ್ಕೆ ಹೊರಳುತ್ತದೆ. ಈಗೀಗ ‘ಒಂದು ದೇಶ, ಒಂದು ಚುನಾವಣೆ’ಯೂ ಈ ಸಿಪ್ಪೆರಾಶಿಯ ನಡುವೆ ಬಂದು ಕೂರುತ್ತದೆ.

ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದ ಹುಡುಗನೊಬ್ಬ ಶುರು ಮಾಡುತ್ತಾನೆ: “ಎಲ್ಲ ಎಲೆಕ್ಷನ್ನೂ ಒಂದೇ ಸಲ ಆದ್ರೆ ಖರ್ಚು ಉಳೀತು ಭಾವ. ನೀತಿಸಂಹಿತೆ ಬಂತು ಹೇಳಿ ಕಾಲುಸಂಕದ ಕೆಲ್ಸ ನಿಂತ್ರೆ ಮಳೆಗಾಲ ಕಾಯ್ತನಾ?” ಅವನ ಮಾತಿನಲ್ಲಿ ತೂಕವಿದೆ. ಇಲ್ಲಿ ಕಾಲುಸಂಕವೆಂದರೆ ಮಕ್ಕಳು ಶಾಲೆಗೆ ಹೋಗುವ ದಾರಿ. ಮೇ ತಿಂಗಳೊಳಗೆ ಮುಗಿಯದ ಕೆಲಸ ಮತ್ತೆ ಡಿಸೆಂಬರ್‌ಗೇ ಹೋಗುತ್ತದೆ.

ಸುಲಿಯಲು ಬಂದ ಹೆಂಗಸೊಬ್ಬರು ತಲೆ ಎತ್ತದೆ ಉತ್ತರಿಸುತ್ತಾರೆ: “ಓಟು ಕೇಳೂಕೆ ಬಂದಾಗಲ್ವಾ ಅವ್ರ ಮೋರೆ ನಮ್ಗೆ ಕಾಣೂದು? ಐದು ವರ್ಷಕ್ಕೆ ಒಂದೇ ಸಲ ಅಂದ್ರೆ ನೀರಿನ ತಾಪತ್ರಯ ಯಾರ ಹತ್ರ ಹೇಳೂದು?” ಈ ಮಾತಿನಲ್ಲೂ ತೂಕವಿದೆ. ಜಗಲಿಯ ಮೇಲೆ ಕವಳ ಹಾಕುತ್ತ ಕೂತ ಹಿರಿಯರದು ಬೇರೆಯೇ ಪ್ರಶ್ನೆ: “ಪೇಪರಲ್ಲಿ ಅಭಿಪ್ರಾಯ ಕೇಳಿದ್ವಡ. ಕೊನೆ ಕೊಯ್ಯ ಕಾಲದಲ್ಲಿ ಪೇಪರ್ ಓದಲೆ ಯಾರಿಗೆ ಪುರಸೊತ್ತಿದ್ದು ತಮಾ?”

ಹಿರಿಯರ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಈ ಒಂದೇ ಚುನಾವಣೆಯ ಯೋಜನೆಯನ್ನು ಪರಿಶೀಲಿಸಿದ ರಾಮನಾಥ ಕೋವಿಂದ್ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿ ಪತ್ರಿಕಾ ಪ್ರಕಟಣೆ ಕೊಟ್ಟದ್ದು 2024ರ ಜನವರಿ 5ರಂದು. ಗಡುವು ಜನವರಿ 15. ಹುಲೇಕಲ್ಲಿನ ಅಂಗಳಗಳಲ್ಲಿ ಹಂಡೆ ಒಲೆಯಿಂದ ಇಳಿಯದ ದಿನಗಳವು. ಸಮಿತಿಗೆ ಬಂದ ಪ್ರತಿಕ್ರಿಯೆಗಳು 21,558. ಅವುಗಳಲ್ಲಿ ಶೇ 80ರಷ್ಟು ಯೋಜನೆಯ ಪರ. ಆಗ ದೇಶದ ಮತದಾರರ ಸಂಖ್ಯೆ 96 ಕೋಟಿಗೂ ಹೆಚ್ಚು. ಮಾರ್ಚ್ 14ರಂದು ವರದಿ ರಾಷ್ಟ್ರಪತಿಯವರ ಕೈ ಸೇರಿತು. ಸಂವಿಧಾನದ 129ನೇ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾದದ್ದು ಅದೇ ವರ್ಷದ ಡಿಸೆಂಬರ್ 17ರಂದು. ಮಂಡನೆಗೆ ಪರ 269, ವಿರುದ್ಧ 198 ಮತ. ಅಲ್ಲಿಂದ ಅದು ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಲೋಕಸಭೆ, ವಿಧಾನಸಭೆಗಳಿಗೆ ಒಟ್ಟಿಗೆ ಚುನಾವಣೆ. ವಿಧಾನಸಭೆ ನಡುವೆ ವಿಸರ್ಜನೆಯಾದರೆ ಹೊಸದಾಗಿ ಆರಿಸಿ ಬಂದ ಸಭೆಗೆ ಉಳಿದ ಅವಧಿ ಮಾತ್ರ. ಮಸೂದೆಯ ತಿರುಳು ಇಷ್ಟು. ಇಷ್ಟನ್ನು ಸರಳ ಕನ್ನಡದಲ್ಲಿ ಹೇಳಲು ಐದು ನಿಮಿಷ ಸಾಕು.

ಈ ವಿಷಯ ಶಿರಸಿ ಸೀಮೆಗೆ ಹೊಸತಲ್ಲ. ಇಲ್ಲಿನ ಅಂದಿನ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿ ಸ್ಪೀಕರ್ ಆಗಿದ್ದಾಗ, 2021ರ ಮಾರ್ಚ್‌ನಲ್ಲಿ, ವಿಧಾನಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಂಡಿದ್ದರು. ವಿರೋಧ ಪಕ್ಷದವರು ಸದನದ ಬಾವಿಗಿಳಿದು ಪ್ರತಿಭಟಿಸಿದ್ದರು. 2024ರ ಜುಲೈನಲ್ಲಿ, ಸರ್ಕಾರ ಬದಲಾದ ಮೇಲೆ, ಅದೇ ವಿಧಾನಸಭೆ ಯೋಜನೆಯ ವಿರುದ್ಧ ನಿರ್ಣಯ ಮಾಡಿತು. ಈ ನಡುವೆ ಮತದಾರರೂ ತಮ್ಮ ಮಾತು ಹೇಳಿದ್ದಾರೆ. 2023ರ ಮೇನಲ್ಲಿ ಶಿರಸಿ ಕ್ಷೇತ್ರ ಕಾಗೇರಿಯವರನ್ನು ಸೋಲಿಸಿ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರನ್ನು ಬೆಂಗಳೂರಿಗೆ ಕಳಿಸಿತು. ಮರುವರ್ಷದ ಮೇನಲ್ಲಿ ಉತ್ತರ ಕನ್ನಡ ಕ್ಷೇತ್ರ ಅದೇ ಕಾಗೇರಿಯವರನ್ನು ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ದೆಹಲಿಗೆ ಕಳಿಸಿತು. ಎರಡು ಮನೆಗೆ ಎರಡು ಲೆಕ್ಕ. ಎರಡೂ ಮತಯಂತ್ರಗಳನ್ನು ಒಂದೇ ದಿನ ಮುಂದಿಟ್ಟಿದ್ದರೆ ಈ ಲೆಕ್ಕ ಹೀಗೇ ಇರುತ್ತಿತ್ತೇ? ಸುಲಿಯುವವರ ನಡುವೆ ಈ ಪ್ರಶ್ನೆಗೆ ಒಮ್ಮತವಿಲ್ಲ. “ಜನ ಅಷ್ಟು ದಡ್ಡರಲ್ಲ” ಎನ್ನುತ್ತಾರೆ ಒಬ್ಬರು. “ದೊಡ್ಡ ಗಾಳಿ ಬೀಸಿದಾಗ ಸಣ್ಣ ಮಾತು ಕೇಳೂದಿಲ್ಲ” ಎನ್ನುತ್ತಾರೆ ಇನ್ನೊಬ್ಬರು.

ಆದರೆ ಎಲ್ಲರೂ ಒಂದೇ ದನಿಯಲ್ಲಿ ಕೇಳುವುದು ಇನ್ನೊಂದು ಚುನಾವಣೆಯನ್ನು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಇವರು ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಆಡಳಿತಾಧಿಕಾರಿಗಳದೇ ಕಾರುಬಾರು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದಲ್ಲಿ ಬರೆದಿರುವುದು 73ನೇ ತಿದ್ದುಪಡಿ. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಕರ್ನಾಟಕ ಅದಕ್ಕೆ ತಕ್ಕ ಕಾಯ್ದೆಯನ್ನು ಮರುತಿಂಗಳೇ ತಂದಿತು. ಅದಕ್ಕೂ ಮೊದಲೇ, ಪಕ್ಕದ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಅವರ ಸಂಪುಟದ ಸಚಿವ ಅಬ್ದುಲ್ ನಜೀರ್ ಸಾಬ್ ಕಟ್ಟಿದ ಮಂಡಲ ಪಂಚಾಯಿತಿ ವ್ಯವಸ್ಥೆ 1987ರಲ್ಲಿ ಚುನಾವಣೆ ಕಂಡಿತ್ತು. ಹೆಂಗಸರಿಗೆ ಕಾಲು ಪಾಲು ಮೀಸಲಾತಿ ಅದರಲ್ಲೇ ಇತ್ತು. ದೇಶಕ್ಕೆ ದಾರಿ ತೋರಿದ ನೆಲದಲ್ಲಿ ಎರಡು ಹಂತದ ಪಂಚಾಯಿತಿಗಳ ಚುನಾಯಿತ ಕುರ್ಚಿಗಳು ಹೀಗೆ ಖಾಲಿ ಬಿದ್ದದ್ದು ಸಣ್ಣ ಸಂಗತಿಯಲ್ಲ. ಹೊಸ ತಿದ್ದುಪಡಿಗೆ ಜನರ ಒಪ್ಪಿಗೆ ಬೇಡುವವರು ಹಳೆಯ ತಿದ್ದುಪಡಿಯ ಮಾತನ್ನು ಮೊದಲು ಉಳಿಸಿಕೊಳ್ಳಬೇಕು.

ಅದೇ 73ನೇ ತಿದ್ದುಪಡಿ ಇನ್ನೊಂದನ್ನೂ ಕೊಟ್ಟಿದೆ: ಗ್ರಾಮಸಭೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅಲ್ಲಿ ಚರಂಡಿ, ಬೀದಿದೀಪ, ಮನೆಯ ಫಲಾನುಭವಿಗಳ ಪಟ್ಟಿ ಎಲ್ಲ ಬರುತ್ತವೆ, ಬರಲೇಬೇಕು. ಆದರೆ ನಾವು ಎಷ್ಟು ವರ್ಷಕ್ಕೊಮ್ಮೆ, ಹೇಗೆ ಮತ ಹಾಕಬೇಕು ಎಂಬುದನ್ನೇ ಬದಲಿಸುವ ಮಸೂದೆ ಅಲ್ಲಿಗೆ ಬರುವುದಿಲ್ಲ. ಸಂವಿಧಾನ ತಿದ್ದಲು ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಕೆಲವು ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆಯೂ ಬೇಕು. ಮತದಾರನನ್ನು ಕೇಳಬೇಕೆಂಬ ನಿಯಮ ಎಲ್ಲೂ ಇಲ್ಲ. ನಿಯಮವಿಲ್ಲದಿದ್ದರೂ ಕೇಳುವುದು ಮರ್ಯಾದೆ. ಮೆಟ್ಟುಗತ್ತಿಯ ಮುಂದೆ ಕೂತು ಪರ–ವಿರೋಧ ಎರಡನ್ನೂ ಇಷ್ಟು ಚೆನ್ನಾಗಿ ತೂಗಬಲ್ಲವರಿಗೆ ಹತ್ತು ದಿನದ ಪತ್ರಿಕಾ ಪ್ರಕಟಣೆ ಸಾಲದು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ. ಮಸೂದೆಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ. ಪರವೋ ವಿರೋಧವೋ, ನಿಮ್ಮ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ನಿಮ್ಮ ಶಾಸಕರಿಗೂ ಸಂಸದರಿಗೂ ಕಳಿಸಿ. ಮತ ನಮ್ಮದು; ಅದರ ನಿಯಮ ಬದಲಾಗುವಾಗ ಮಾತೂ ನಮ್ಮದಿರಬೇಕು.