ಮನೋವ್ಯಾಧಿಯೂ ಜೀವವಿಮೆಯೂ

ಪರಸ್ಥಳದಲ್ಲಿ ದುಡಿಯುತ್ತಿರುವ ನಮ್ಮವರಲ್ಲಿ ಬಹುಮಂದಿಯ ಸಂಪಾದನೆಯನ್ನೇ ನೆಚ್ಚಿಕೊಂಡು ಊರಿನಲ್ಲೊಂದು ಸಂಸಾರವಿರುತ್ತದೆ. ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗಾಗಲಿ, ಕಚೇರಿಯ ಗುಮಾಸ್ತರಿಗಾಗಲಿ ಜೀವವಿಮೆಯು ಅವಶ್ಯವಾಗಿರುವುದು ಇದಕ್ಕಾಗಿಯೇ. ಆದರೆ ಖಿನ್ನತೆಗೋ ಬೇರಾವ ಮನೋವ್ಯಾಧಿಗೋ ಔಷಧ ಸೇವಿಸುತ್ತಿರುವವರು ವಿಮೆಯ ಅರ್ಜಿಯನ್ನು ತುಂಬುವಾಗ, ಅಂಥ ಚಿಕಿತ್ಸೆ ಪಡೆದಿರುವಿರಾ ಎಂಬ ಪ್ರಶ್ನೆಯ ಮುಂದೆ ಲೇಖನಿ ನಿಲ್ಲುತ್ತದೆ. ನಿಜ ಬರೆದರೆ ವಿಮೆ ದೊರೆಯದೆಂಬ ಭಯ. ಸುದ್ದಿ ಊರಿಗೆ ಮುಟ್ಟೀತೆಂಬ ನಾಚಿಕೆ. ಕೆಲವೊಮ್ಮೆ ಏಜೆಂಟರೇ 'ಇಲ್ಲ' ಎಂದು ಬರೆದು ಸಹಿಗೆ ಮುಂದೊಡ್ಡುವುದುಂಟು.

ಆ ಎರಡಕ್ಷರದ ಬೆಲೆಯನ್ನು ತೆರುವವರು ಸಹಿ ಮಾಡಿದವರಲ್ಲ, ಅವರ ಹೆಂಡಿರು ಮಕ್ಕಳು. 1938ರ ವಿಮಾ ಕಾಯಿದೆಯ 45ನೆಯ ಕಲಮು 2015ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ, ಮಹತ್ವದ ಸಂಗತಿಯನ್ನು ಮರೆಮಾಚಿದ್ದು 3 ವರ್ಷಗಳೊಳಗೆ ಹೊರಬಿದ್ದರೆ ಕಂಪೆನಿಯು ವಿಮೆಯ ಹಣವನ್ನು ನಿರಾಕರಿಸಬಹುದು. 3 ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಹಾಗೆಂದು ಅಲ್ಲಿಯವರೆಗೆ ಸುಮ್ಮನಿದ್ದರಾಯಿತೆಂದು ಎಣಿಸುವುದು ವಿವೇಕವಲ್ಲ. ಮರಣವು ಪಂಚಾಂಗ ನೋಡಿ ಬರುವುದಿಲ್ಲ. ಕಂತು ತಪ್ಪಿ ನಿಂತ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದರೆ ಎಣಿಕೆಯೂ ಮೊದಲಿನಿಂದ ಆರಂಭವಾಗುತ್ತದೆ.

ನಿಜ ಬರೆದ ಮಾತ್ರಕ್ಕೆ ಬಾಗಿಲು ಮುಚ್ಚುವುದೂ ಇಲ್ಲ. ವ್ಯಾಧಿಯ ತೀವ್ರತೆ, ಆಸ್ಪತ್ರೆವಾಸ, ಚಿಕಿತ್ಸೆಯ ಕ್ರಮ, ಉದ್ಯೋಗದಲ್ಲಿ ಮುಂದುವರಿದಿರುವುದು, ಇವೆಲ್ಲವನ್ನೂ ಕಂಪೆನಿಯವರು ಪರಿಶೀಲಿಸುತ್ತಾರೆ. ಸೌಮ್ಯವಾದ ವ್ಯಾಧಿ ಹತೋಟಿಯಲ್ಲಿದ್ದರೆ ಸಾಮಾನ್ಯ ದರಕ್ಕೋ, ಹೆಚ್ಚಿನ ಕಂತಿಗೋ ವಿಮೆ ದೊರೆಯಬಹುದು. ಇತ್ತೀಚೆಗಷ್ಟೇ ಉಲ್ಬಣಿಸಿದ್ದರೆ ಮುಂದೂಡುವುದೂ ನಿರಾಕರಿಸುವುದೂ ಉಂಟು. ಆದುದರಿಂದ ವೈದ್ಯರ ಪತ್ರವನ್ನು ಅರ್ಜಿಯೊಡನೆ ಲಗತ್ತಿಸುವುದು ಲೇಸು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮನೋವ್ಯಾಧಿಗೂ ದೇಹವ್ಯಾಧಿಗೂ ಭೇದವೆಣಿಸಬಾರದೆಂದು ವಿಧಿಸಿರುವುದು ಚಿಕಿತ್ಸೆಯ ವಿಮೆಗೆ, ಜೀವವಿಮೆಗಲ್ಲವೆಂಬುದನ್ನು ಮರೆಯಲಾಗದು.

ಕಂಪೆನಿ ನಿರಾಕರಿಸಿದವರಿಗೂ ಎರಡು ಆಸರೆಗಳಿವೆ. ಭವಿಷ್ಯನಿಧಿಯ ಸದಸ್ಯರಿಗೆ 1976ರ ಠೇವಣಿ ಸಂಬಂಧದ ವಿಮಾ ಯೋಜನೆ ಅನ್ವಯಿಸುತ್ತದೆ. ನೌಕರರು ಒಂದು ಕಾಸೂ ಕೊಡಬೇಕಾಗಿಲ್ಲ, ಆರೋಗ್ಯದ ಪ್ರಶ್ನೆಯೂ ಇಲ್ಲ. ಸೇವೆಯಲ್ಲಿರುವಾಗ ಮೃತರಾದರೆ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿ ಸಲ್ಲುತ್ತದೆ. 20 ಮಂದಿ ದುಡಿಯುವ ಹೋಟೆಲು ಭವಿಷ್ಯನಿಧಿಯ ವ್ಯಾಪ್ತಿಗೆ ಸೇರುತ್ತದೆ. ಮಾಲೀಕರು ತಮ್ಮ ಹೆಸರಿನಲ್ಲಿ ಹಣ ಕಟ್ಟುತ್ತಿರುವರೇ ಎಂಬುದನ್ನು ಪ್ರತಿಯೊಬ್ಬರೂ ವಿಚಾರಿಸತಕ್ಕದ್ದು. ಎರಡನೆಯದು 2015ರ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ. 18ರಿಂದ 50 ವಯಸ್ಸಿನವರು ಬ್ಯಾಂಕಿನ ಅಥವಾ ಅಂಚೆಯ ಖಾತೆಯ ಮೂಲಕ, ವೈದ್ಯಪರೀಕ್ಷೆಯಿಲ್ಲದೆ, ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ವಿಮೆ ಪಡೆಯಬಹುದು.

ಸಲ್ಲಬೇಕಾದ ಹಣವನ್ನು ಕಂಪೆನಿ ನಿರಾಕರಿಸಿದರೆ ಮೊದಲು ಅಲ್ಲಿಗೇ ಲಿಖಿತ ದೂರು ಕೊಟ್ಟು, ಪರಿಹಾರ ದೊರೆಯದಿದ್ದಲ್ಲಿ ವಿಮಾ ಲೋಕಪಾಲರ ಮೊರೆಹೋಗಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಅವರ ಕಚೇರಿಗಳಿವೆ, ಶುಲ್ಕವಿಲ್ಲ.

ಸಕ್ಕರೆ ಕಾಯಿಲೆಯನ್ನು ಬರೆಯಲು ನಾಚದ ನಾವು ಮನಸ್ಸಿನ ಕಾಯಿಲೆಯನ್ನು ಬರೆಯಲು ನಾಚಬೇಕಾಗಿಲ್ಲ. ಅರ್ಜಿಯನ್ನು ಸ್ವತಃ ಓದಿ, ಓದಿಸಿ ತಿಳಿದು ಸಹಿ ಮಾಡೋಣ. ಅದರ ಪ್ರತಿಯೊಂದನ್ನು ಪಾಲಿಸಿಯೊಡನೆ ಊರಿನ ಮನೆಯಲ್ಲಿರಿಸೋಣ.