ಅವ್ವನಿಗೆ ಹಂಪಿ ಉಚಿತ, ಮಗಳ ಮನೆಗೆ ಟಿಕೆಟ್

ಮೈಸೂರಿನ ಡಿ. ಕೃಷ್ಣಕುಮಾರ್ ಕತೆ ನಿಮಗೆ ಗೊತ್ತಿರಬಹುದು. ಬೆಂಗಳೂರಿನ ಕಾರ್ಪೊರೇಟ್ ಕೆಲಸ ಬಿಟ್ಟು, ಅಪ್ಪ ಕೊಡಿಸಿದ್ದ 2000ನೇ ಇಸವಿಯ ಬಜಾಜ್ ಚೇತಕ್ ಸ್ಕೂಟರಿನ ಮೇಲೆ ತಾಯಿ ಚೂಡಾರತ್ನ ಅವರನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟವರು. ನೇಪಾಳ, ಭೂತಾನ್, ಮ್ಯಾನ್ಮಾರ್‌ವರೆಗೂ ಹೋದರು. 2020ರ ಸೆಪ್ಟೆಂಬರ್‌ನಲ್ಲಿ ಮೈಸೂರಿಗೆ ವಾಪಸ್ ಬರುವಷ್ಟರಲ್ಲಿ 56 ಸಾವಿರ ಕಿ.ಮೀ. ದಾಟಿತ್ತು. ಟಿವಿ, ಪತ್ರಿಕೆ, ವಾಟ್ಸಾಪ್ ಎಲ್ಲ ಕಡೆ ಒಂದೇ ಮಾತು: ಆಧುನಿಕ ಶ್ರವಣಕುಮಾರ. ಆನಂದ್ ಮಹೀಂದ್ರಾ ಕಾರನ್ನೇ ಕೊಡ್ತೀನಿ ಅಂದರು.

ಹೊಗಳಲಿ, ತಪ್ಪೇನಿಲ್ಲ. ಆದರೆ ಆ ಯಾತ್ರೆ ಶುರುವಾಗಿದ್ದು ಒಂದು ಉತ್ತರದಿಂದ. ಅಷ್ಟಿಷ್ಟು ದೊಡ್ಡ ದೇವಸ್ಥಾನಗಳನ್ನು ನೋಡಿದ್ದೀಯಾ ಅಮ್ಮ ಅಂತ ಮಗ ಕೇಳಿದಾಗ, ಪಕ್ಕದಲ್ಲಿರೋದನ್ನೇ ನೋಡಿಲ್ಲ ಅಂದಿದ್ದರು ಆ ತಾಯಿ. ಕೂಡುಕುಟುಂಬ, ಹತ್ತು ಜನರ ಅಡುಗೆ, ಅದರಲ್ಲೇ ಆಯಸ್ಸು ಕಳೆದಿತ್ತು. ಮಗನ ಭಕ್ತಿಯ ಬಗ್ಗೆ ನಾವು ಎಷ್ಟೊಂದು ಮಾತಾಡಿದೆವು, ಈ ಉತ್ತರದ ಬಗ್ಗೆ ಮಾತ್ರ ಮಾತೇ ಇಲ್ಲ. ಒಬ್ಬ ಹೆಣ್ಣುಮಗಳು ಪಕ್ಕದ ಗುಡಿ ನೋಡಲಿಕ್ಕೂ ಮಗ ದೊಡ್ಡವನಾಗಿ, ನೌಕರಿ ಬಿಟ್ಟು, ಸ್ಕೂಟರ್ ತರೋವರೆಗೆ ಕಾಯಬೇಕಾ?

ನಮ್ಮೂರು ಹಳ್ಳಿಖೇಡ (ಬಿ), ಬೀದರ್ ಜಿಲ್ಲೆ, ಹುಮನಾಬಾದ್ ತಾಲ್ಲೂಕು. ಆ ‘ಬಿ’ ಏನು ಅಂತ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳೋರು. ಬುಜುರ್ಗ್, ಅಂದ್ರೆ ದೊಡ್ಡದು. ಹಳ್ಳಿಖೇಡ (ಕೆ) ಅಂತ ಇನ್ನೊಂದಿದೆ, ಅದು ಖುರ್ದ್, ಚಿಕ್ಕದು. ನನ್ನ ಅವ್ವನೂ ಚೂಡಾರತ್ನ ಅವರ ಸಾಲಿನವಳೇ. ಹುಮನಾಬಾದಿನ ಜಾತ್ರೆ, ಬಸವಕಲ್ಯಾಣ, ಬೀದರ್, ಒಮ್ಮೆ ತುಳಜಾಪುರ, ಮುಗೀತು ಅವಳ ಭೂಗೋಳ. ಉಡುತಡಿಯ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಕಲ್ಯಾಣಕ್ಕೆ ನಡೆದು ಬಂದು, ಇಲ್ಲಿಂದ ಶ್ರೀಶೈಲಕ್ಕೆ ಹೋದಳು ಅಂತ ಪ್ರತಿ ಬಸವ ಜಯಂತಿಯಲ್ಲಿ ಭಾಷಣ ಕೇಳಿ ಚಪ್ಪಾಳೆ ಹೊಡೆಯೋ ಊರು ನಮ್ಮದು, ನೆನಪಿರಲಿ.

ಹೋದ ಚಳಿಗಾಲ ತೊಗರಿ ರಾಶಿ ಮುಗಿದ ಮೇಲೆ ಅವ್ವ ಮತ್ತು ನಾನು ಹೊರಟೆವು. ಸ್ಕೂಟರ್ ಇಲ್ಲ, ಕಾರಿಲ್ಲ. ನಮ್ಮೂರ ಮೇಲೆ ಹಾದುಹೋಗೋ ರಾಷ್ಟ್ರೀಯ ಹೆದ್ದಾರಿ 50 ನಾಂದೇಡದಿಂದ ಚಿತ್ರದುರ್ಗಕ್ಕೆ ಹೋಗುತ್ತೆ. ಅದನ್ನೇ ಹಿಡಿದು, ಕೆಂಪು ಬಸ್ ಬದಲಿಸುತ್ತ ಹುಮನಾಬಾದ್, ಕಲಬುರಗಿ, ವಿಜಯಪುರ, ಕೂಡಲಸಂಗಮ, ಹೊಸಪೇಟೆ. ಐದು ದಿನ. ಹೊರಡೋ ಹಿಂದಿನ ದಿನ ಅವ್ವ ಒಲೆ ಮುಂದೆ ಕೂತು ಅಪ್ಪ, ತಮ್ಮನಿಗಾಗಿ 50 ರೊಟ್ಟಿ ಬಡಿದಿಟ್ಟಳು. ಯಾವ ಸರ್ಕಾರದ ಯೋಜನೆಯೂ ಇನ್ನೂ ಮುಟ್ಟದ ಜಾಗ ಅದು.

ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಶೂನ್ಯ ಟಿಕೆಟ್‌ಗಳನ್ನೆಲ್ಲ ಅವ್ವ ಎಲೆ ಅಡಿಕೆ ಸಂಚಿಯಲ್ಲಿ ಜೋಪಾನ ಮಾಡಿದಳು. ದುಡ್ಡೇ ಕೊಟ್ಟಿಲ್ಲ, ಯಾಕೆ ಇಟ್ಕೋತಿ ಅಂದೆ. “ಸೊನ್ನಿ ಇದ್ರೂ ನನ್ ಹೆಸರಿನ ಚೀಟಿ ಅದ” ಅಂದಳು. ಹೆಸರೇನೂ ಅದರಲ್ಲಿ ಇರಲ್ಲ, ಆದರೆ ಅವಳ ಲೆಕ್ಕ ತಪ್ಪಲ್ಲ. ಆ ಶೂನ್ಯ ಟಿಕೆಟ್ ಎಣಿಸಿಯೇ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಟಿಕೆಟ್ ಹರಿಯದಿದ್ದರೆ ಅವಳು ಪ್ರಯಾಣವನ್ನೇ ಮಾಡಿಲ್ಲ ಅಂತಾಗುತ್ತೆ.

ಸಂಗಮದಲ್ಲಿ ಕೃಷ್ಣೆ ಮಲಪ್ರಭೆ ಸೇರೋ ನೀರು ನೋಡುತ್ತ ಒಂದು ತಾಸು ಸುಮ್ಮನೆ ಕೂತಳು. ಹಂಪಿಯಲ್ಲಿ ಮಾತ್ರ ನನಗಿಂತ ಮುಂದೆ ನಡೆದಳು. ಊರಿಗೆ ಬಂದ ಮೇಲೆ ಓಣಿಯವರ ಮೊದಲ ಪ್ರಶ್ನೆ, “ಜೋಡಿ ಗಂಡಸ್ರು ಯಾರ್ ಬಂದಿದ್ರು?” ಶ್ರವಣಕುಮಾರಿ ಅನ್ನೋ ಪದವೇ ನಮ್ಮಲ್ಲಿಲ್ಲ ನೋಡಿ.

2023ರ ಜೂನ್ 11ರಂದು ಶುರುವಾದ ‘ಶಕ್ತಿ’ಯನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳೋರಿಗೆ ನನ್ನ ಉತ್ತರ ಇಷ್ಟೇ. ಮಗನ ಭಕ್ತಿಯನ್ನೋ ಗಂಡನ ಮರ್ಜಿಯನ್ನೋ ಕಾಯದೆ ಹೊಸ್ತಿಲು ದಾಟೋಕೆ ಒಂದು ಕಾರಣ ಸಿಕ್ಕಿದೆ. ಒಲೆಯ ಸಮಸ್ಯೆ ಹಾಗೇ ಇದೆ, ಟಿಕೆಟ್‌ನ ಸಮಸ್ಯೆ ಹೋಯಿತು.

ಅಥವಾ ಅರ್ಧ ಹೋಯಿತು. ನಾನು ಕೆಲಸ ಮಾಡೋದು ಹೈದರಾಬಾದ್‌ನಲ್ಲಿ. ನಮ್ಮೂರಿಂದ ಬೆಂಗಳೂರು ಸುಮಾರು 700 ಕಿ.ಮೀ., ಹೈದರಾಬಾದ್ 150 ಕಿ.ಮೀ. ಆಸುಪಾಸು. ದೊಡ್ಡ ದವಾಖಾನೆ, ನೌಕರಿ, ಮದುವೆ ಜವಳಿ, ಎಲ್ಲಕ್ಕೂ ನಮ್ಮ ಮಂದಿ ಅತ್ತಲೇ ಹೋಗೋದು. ಆದರೆ ಶಕ್ತಿ ನಡೆಯೋದು ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ, ಅಂತರರಾಜ್ಯ ಬಸ್ ಹತ್ತಿ ಹೈದರಾಬಾದ್‌ಗೆ ಹೊರಟರೆ ಟಿಕೆಟ್ ತಗೋಳ್ಳೇಬೇಕು. ಆ ಕಡೆ ತೆಲಂಗಾಣದ ‘ಮಹಾಲಕ್ಷ್ಮಿ’ 2023ರ ಡಿಸೆಂಬರ್ 9ರಿಂದ ಇದೆ, ಅದು ತೆಲಂಗಾಣದ ವಿಳಾಸ ಇರೋರಿಗೆ. ಅಂದರೆ ಹುಮನಾಬಾದಿನಿಂದ ಜಹೀರಾಬಾದ್ ಮೇಲೆ ಹೋಗೋ ಒಂದೇ ರಸ್ತೆ, ಎರಡು ಉಚಿತ ಯೋಜನೆ, ನಡುವೆ ಅವ್ವ ಪರ್ಸ್ ತೆಗೆಯಬೇಕು. ನನ್ನದು ಇನ್ನೂ ಮಜಾ. ಆಧಾರ್‌ನಲ್ಲಿ ಹಳ್ಳಿಖೇಡದ ವಿಳಾಸ ಇಟ್ಟುಕೊಂಡರೆ ದಿನಾ ಆಫೀಸಿಗೆ ಹೋಗೋ ಸಿಟಿ ಬಸ್ಸಿಗೆ ದುಡ್ಡು. ಹೈದರಾಬಾದ್ ವಿಳಾಸ ಹಾಕಿಸಿದರೆ ಊರಿಗೆ ಬಂದಾಗ ಬೀದರ್‌ಗೆ ಹೋಗೋಕೂ ದುಡ್ಡು.

ಈ ಗೆರೆ ಹಳೇದೇನಲ್ಲ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರೇ. ನಿಜಾಮ್ ಸ್ಟೇಟ್ ರೈಲ್ವೆ 1932ರಲ್ಲಿ 27 ಬಸ್ಸುಗಳಿಂದ ಸರ್ಕಾರಿ ಬಸ್ ಸೇವೆ ಶುರು ಮಾಡಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರಿಗೆ, ಉದಗೀರ ನಿಲಂಗಾ ಕಡೆಯವರು ಮುಂಬೈ ರಾಜ್ಯಕ್ಕೆ, ಜಹೀರಾಬಾದ್ ನಾರಾಯಣಖೇಡ ಆಂಧ್ರಕ್ಕೆ. ಭಾಷೆಯ ದೃಷ್ಟಿಯಿಂದ ಅದು ಸರಿ, ನಾನು ಕನ್ನಡದಲ್ಲಿ ಓದಿದ್ದೇ ಅದರಿಂದ. ಆದರೆ ಬೀಗರು, ಬಜಾರು, ದವಾಖಾನೆಗಳು ಪುನರ್ವಿಂಗಡಣೆ ಆಗಲಿಲ್ಲ.

ಇದಕ್ಕೆ ದೊಡ್ಡ ತಿದ್ದುಪಡಿ ಏನೂ ಬೇಕಿಲ್ಲ. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 88ರ ಅಡಿ ನೆರೆ ರಾಜ್ಯಗಳು ಅಂತರರಾಜ್ಯ ಬಸ್‌ಗಳ ಬಗ್ಗೆ ಪರಸ್ಪರ ಒಪ್ಪಂದ ಮಾಡಿಕೊಳ್ತವೆ. ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಸಹಿ ಹಾಕ್ತವೆ. ಯಾವ ಮಾರ್ಗದಲ್ಲಿ ಯಾರ ಬಸ್ ಎಷ್ಟು ಅಂತ ಕೂತು ಲೆಕ್ಕ ಹಾಕೋ ಅಧಿಕಾರಿಗಳು ಅದೇ ಹೊತ್ತಿಗೆ ಗಡಿ ಜಿಲ್ಲೆಗಳ ಹೆಣ್ಣುಮಕ್ಕಳ ಟಿಕೆಟ್ ಲೆಕ್ಕವನ್ನೂ ಹಾಕಬಹುದು. ಶೂನ್ಯ ಟಿಕೆಟ್ ಎರಡೂ ಕಡೆ ಮಷಿನ್‌ನಲ್ಲೇ ಹರಿಯೋದು, ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನೋದು ಅಲ್ಲೇ ಇದೆ. ಎರಡೂ ರಾಜ್ಯಗಳಲ್ಲಿ ಈಗ ಒಂದೇ ಪಕ್ಷದ ಸರ್ಕಾರ, ಹಾಗಾಗಿ ಆ ಕಡೆಯವರು ಒಪ್ಪಲ್ಲ ಅನ್ನೋ ಸಬೂಬೂ ಇಲ್ಲ. ನಮ್ಮ ಶಾಸಕರು, ಸಂಸದರು ಸದನದಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಅವ್ವನ ಕಣ್ಣಿನ ತಪಾಸಣೆ ಯುಗಾದಿ ಆದ ಮೇಲೆ ಹೈದರಾಬಾದ್‌ನಲ್ಲಿದೆ. ಮೊದಲೆಲ್ಲ ನಾನೇ ರಜೆ ಹಾಕಿ ಊರಿಗೆ ಬಂದು ಕರೆದೊಯ್ಯುತ್ತಿದ್ದೆ. ಈ ಸಲ ಬೇಡ ಅಂದಿದ್ದಾಳೆ. ಒಬ್ಬಳೇ ಬಸ್ ಹತ್ತುತ್ತಾಳಂತೆ, ನಾನು ಅಲ್ಲಿ ಬಸ್ ಸ್ಟ್ಯಾಂಡಿಗೆ ಬಂದರೆ ಸಾಕಂತೆ. ಟಿಕೆಟ್ ದುಡ್ಡು ಎಷ್ಟಾಗುತ್ತೆ ಅಂತ ಮಾತ್ರ ಎರಡು ಸಲ ಕೇಳಿದಳು.