ತೂಕದ ಮುಳ್ಳು ನಿಂತಲ್ಲೇ ನಿಂತಾಗ: ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರದ ನಿಧಾನ ನಡಿಗೆ

ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳು. ಮೊದಲ ತಿಂಗಳಲ್ಲಿ 9 ಕಿಲೋ ಇಳಿಯಿತು, ಎರಡನೆಯ ತಿಂಗಳಲ್ಲಿ 5. ಅನಂತರದ ಎರಡು ತಿಂಗಳಲ್ಲಿ ತಲಾ 3 ಕಿಲೋ. ಈ ತಿಂಗಳು ತೂಕದ ಯಂತ್ರದ ಮುಳ್ಳು ಅಲುಗಾಡುತ್ತಲೇ ಇಲ್ಲ. 110 ಕಿಲೋ ಇದ್ದ ಮಹಿಳೆ 90 ಕಿಲೋಗೆ ಬಂದು ನಿಂತಿದ್ದಾರೆ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದರೆ ಊಟದ ಪಂಕ್ತಿಯಲ್ಲಿಯೇ ಪ್ರಶ್ನೆ ಎದುರಾಗುತ್ತದೆ: 'ಅಷ್ಟೊಂದು ಖರ್ಚು ಮಾಡಿ ಆಪರೇಷನ್ ಮಾಡಿಸಿಕೊಂಡಿರಲ್ಲ, ಇಳಿದದ್ದು ಇಷ್ಟೇನಾ?'

ಇಂತಹ ಪ್ರಶ್ನೆ ಕೇಳಿಸಿಕೊಂಡವರು ಮನೆಗೆ ಮರಳಿದ ಮೇಲೆ ಮಾಡುವ ಕೆಲಸಗಳು ಸಾಮಾನ್ಯವಾಗಿ ಎರಡು. ಮೊದಲನೆಯದು, ರಾತ್ರಿಯ ಊಟ ಬಿಡುವುದು. ಎರಡನೆಯದು, ಮುಂದಿನ ತಪಾಸಣೆಗೆ ಆಸ್ಪತ್ರೆಗೆ ಹೋಗದೇ ಇರುವುದು. ತೂಕ ಇಳಿಯಲಿಲ್ಲವೆಂಬ ನಾಚಿಕೆಯೇ ಇದಕ್ಕೆ ಕಾರಣ. ತೂಕ ನಿಧಾನವಾಗಿ ಇಳಿಯುವುದಕ್ಕಿಂತ ಹೆಚ್ಚಿನ ಅಪಾಯವಿರುವುದು ಈ ಎರಡು ನಿರ್ಧಾರಗಳಲ್ಲಿ. ಆದ್ದರಿಂದ ಮುಳ್ಳು ಏಕೆ ನಿಲ್ಲುತ್ತದೆ, ಯಾವಾಗ ಅದು ಸಹಜ, ಯಾವಾಗ ಎಚ್ಚರಿಕೆಯ ಗಂಟೆ ಎಂಬುದನ್ನು ಅರಿಯುವುದು ಅಗತ್ಯ.

ಚಿಕಿತ್ಸೆ ಮಾಡುವುದೇನು?

ಬೊಜ್ಜಿನ ಶಸ್ತ್ರಚಿಕಿತ್ಸೆಯೆಂದರೆ ಕೊಬ್ಬನ್ನು ಕತ್ತರಿಸಿ ತೆಗೆಯುವುದಲ್ಲ. ಇಂದು ಹೆಚ್ಚಾಗಿ ನಡೆಯುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು 75ರಿಂದ 80 ಭಾಗವನ್ನು ತೆಗೆದು, ಉಳಿದುದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಂತೆ ಬಿಡುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲ ರೂಪಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಬೈಪಾಸ್ ವಿಧಾನಕ್ಕೆ ನಾಂದಿ ಹಾಡಿದರು.

ಹೊಟ್ಟೆ ಚಿಕ್ಕದಾಯಿತು, ಊಟ ಕಡಿಮೆಯಾಯಿತು ಎಂಬಷ್ಟಕ್ಕೇ ಇದರ ಕೆಲಸ ಮುಗಿಯುವುದಿಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ಜಠರದ ಮೇಲ್ಭಾಗದಲ್ಲಿ ಉತ್ಪತ್ತಿಯಾಗುತ್ತದೆ. ಸ್ಲೀವ್‌ನಲ್ಲಿ ಆ ಭಾಗವೇ ಹೊರಟುಹೋಗುತ್ತದೆ. ಇನ್ನೊಂದೆಡೆ, ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಜಿಎಲ್‌ಪಿ-1, ಪಿವೈವೈ ಮುಂತಾದ ಕರುಳಿನ ಹಾರ್ಮೋನುಗಳು ಹೆಚ್ಚುತ್ತವೆ. ಅನೇಕರಲ್ಲಿ ತೂಕ ಗಣನೀಯವಾಗಿ ಇಳಿಯುವ ಮೊದಲೇ ಸಕ್ಕರೆ ಕಾಯಿಲೆ ಹತೋಟಿಗೆ ಬರುವುದು ಈ ಬದಲಾವಣೆಗಳ ದೆಸೆಯಿಂದಲೂ ಹೌದು.

ಮೂರನೆಯ ವಾರದ ಮುಗ್ಗಟ್ಟು

ಮೊದಲ ನಿರಾಸೆ ಬಹಳ ಬೇಗ, ಚಿಕಿತ್ಸೆಯಾದ ಮೂರು ನಾಲ್ಕು ವಾರಗಳಲ್ಲಿಯೇ ಬರುವುದುಂಟು. ಇದರ ಹಿಂದಿರುವುದು ನೀರಿನ ಲೆಕ್ಕ. ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಪಿಷ್ಟದ ದಾಸ್ತಾನು ಇರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಇರುತ್ತದೆ. ಆಹಾರ ಹಠಾತ್ತನೆ ಕಡಿಮೆಯಾದಾಗ ಈ ದಾಸ್ತಾನು ಮೊದಲು ಕರಗಿ, ನೀರೂ ಹೊರಹೋಗುತ್ತದೆ. ಮೊದಲ ವಾರಗಳ ಅಬ್ಬರದ ಇಳಿಕೆಯಲ್ಲಿ ಇದರ ಪಾಲು ದೊಡ್ಡದು. ಆಹಾರ ಸ್ವಲ್ಪ ಹೆಚ್ಚಾದಂತೆ ದಾಸ್ತಾನು ಮತ್ತೆ ಒಂದಿಷ್ಟು ತುಂಬಿಕೊಳ್ಳುತ್ತದೆ, ನೀರೂ ಹಿಂತಿರುಗುತ್ತದೆ. ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ. ಆದರೆ ಯಂತ್ರ ಅದನ್ನು ತೋರಿಸುವುದಿಲ್ಲ. ಸ್ತ್ರೀಯರಲ್ಲಿ ಮುಟ್ಟಿನ ಆಸುಪಾಸಿನ ದಿನಗಳು, ಉಪ್ಪು ಹೆಚ್ಚಾದ ಊಟ, ಮಲಬದ್ಧತೆ, ಇವೂ ಒಂದೆರಡು ಕಿಲೋಗಳ ವ್ಯತ್ಯಾಸ ತರಬಲ್ಲವು.

ದೇಹದ ಜಿಪುಣತನ

ತಿಂಗಳುಗಳು ಕಳೆದ ಮೇಲೆ ಬರುವ ನಿಲುಗಡೆಗೆ ಕಾರಣ ಬೇರೆ. 110 ಕಿಲೋ ಭಾರದ ದೇಹವನ್ನು ಒಂದು ಮಹಡಿ ಹತ್ತಿಸಲು ಬೇಕಾದ ಶಕ್ತಿ 90 ಕಿಲೋ ದೇಹಕ್ಕೆ ಬೇಕಾಗುವುದಿಲ್ಲ. ತೂಕ ಇಳಿದಂತೆ ದಿನದ ಖರ್ಚೂ ಇಳಿಯುತ್ತದೆ. ಇದರ ಜೊತೆಗೆ, ಬರಗಾಲ ಬಂದಿತೆಂದು ಭಾವಿಸುವ ದೇಹ ಇನ್ನಷ್ಟು ಜಿಪುಣತನಕ್ಕೆ ಇಳಿಯುತ್ತದೆ. ಅಮೆರಿಕದ ತೂಕ ಇಳಿಕೆಯ ದೂರದರ್ಶನ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದ ಕೆವಿನ್ ಹಾಲ್ ಅವರ ತಂಡದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಪಥ್ಯ ಮತ್ತು ವ್ಯಾಯಾಮದ ಬಲದಿಂದ ಇಳಿದಿದ್ದ ಅವರ ದೇಹ, ವಿಶ್ರಾಂತಿಯಲ್ಲಿರುವಾಗ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಕಳೆದುಕೊಂಡ ತೂಕದ ಬಹುಭಾಗವನ್ನು ಹೆಚ್ಚಿನವರು ಮರಳಿ ಪಡೆದಿದ್ದರು.

ಶಸ್ತ್ರಚಿಕಿತ್ಸೆ ಈ ಜಗ್ಗಾಟದಲ್ಲಿ ರೋಗಿಯ ಪರ ನಿಲ್ಲುತ್ತದೆ. ಹಾರ್ಮೋನುಗಳು ಬದಲಾದ ಕಾರಣ ಹಸಿವು ಮೊದಲಿನಂತೆ ಕೆರಳುವುದಿಲ್ಲ. ಆದರೆ ಜಗ್ಗಾಟವೇ ಇಲ್ಲವಾಗುವುದಿಲ್ಲ. ಹಾಗಾಗಿ ಇಳಿಕೆ ಇಳಿಜಾರಿನಂತಿರದೆ ಮೆಟ್ಟಿಲಿನಂತಿರುತ್ತದೆ. ಒಂದು ಮೆಟ್ಟಿಲು ಇಳಿದು, ಕೆಲ ವಾರ ನಿಂತು, ಮತ್ತೊಂದು ಮೆಟ್ಟಿಲು. ಸಾಮಾನ್ಯವಾಗಿ ಚಿಕಿತ್ಸೆಯ ನಂತರದ 12ರಿಂದ 24 ತಿಂಗಳ ನಡುವೆ ತೂಕ ಕನಿಷ್ಠ ಮಟ್ಟವನ್ನು ಮುಟ್ಟುತ್ತದೆ.

ಎಲ್ಲರ ವೇಗವೂ ಒಂದೇ ಅಲ್ಲ. ವಯಸ್ಸಾದವರಲ್ಲಿ, ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇಳಿಕೆ ನಿಧಾನ. ಸ್ಟಿರಾಯ್ಡ್ ಮಾತ್ರೆಗಳು, ಮನೋರೋಗಗಳಿಗೆ ಕೊಡುವ ಕೆಲವು ಔಷಧಗಳು, ಹತೋಟಿಯಲ್ಲಿಲ್ಲದ ಥೈರಾಯ್ಡ್ ತೊಂದರೆ ಕೂಡ ಕಾಲೆಳೆಯುತ್ತವೆ. ಪಕ್ಕದ ಹಾಸಿಗೆಯಲ್ಲಿದ್ದವರು ಅದೇ ಅವಧಿಯಲ್ಲಿ 35 ಕಿಲೋ ಇಳಿದರೆಂದು ತನ್ನನ್ನು ಹಳಿದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಗೆಲುವಿನ ಅಳತೆ ಯಾವುದು?

ಆರಂಭದ ಮಹಿಳೆಯ ಲೆಕ್ಕವನ್ನೇ ನೋಡೋಣ. ಅವರ ಎತ್ತರ 160 ಸೆಂಟಿಮೀಟರ್ ಎಂದುಕೊಂಡರೆ, 110 ಕಿಲೋ ತೂಕಕ್ಕೆ ದೇಹ ತೂಕ ಸೂಚ್ಯಂಕ, ಅಂದರೆ ಬಿಎಂಐ, ಸುಮಾರು 43. ಸೂಚ್ಯಂಕ 25 ಆಗಬೇಕಾದರೆ 64 ಕಿಲೋ ಇರಬೇಕು. ಹೆಚ್ಚುವರಿ ತೂಕ 46 ಕಿಲೋ. ಚಿಕಿತ್ಸೆಯ ಗುರಿ ಈ 46 ಕಿಲೋವನ್ನೂ ಇಳಿಸುವುದೆಂದು ಅನೇಕರು ನಂಬಿರುತ್ತಾರೆ. ವಾಸ್ತವವಾಗಿ ಹೆಚ್ಚುವರಿ ತೂಕದ ಅರ್ಧಕ್ಕಿಂತ ಹೆಚ್ಚು ಇಳಿದು ನಿಂತರೆ ವೈದ್ಯರು ಅದನ್ನು ಯಶಸ್ಸೆಂದೇ ಪರಿಗಣಿಸುತ್ತಾ ಬಂದಿದ್ದಾರೆ. ಐದು ತಿಂಗಳಲ್ಲಿ 20 ಕಿಲೋ ಇಳಿದಿರುವ ಈಕೆ ಹೆಚ್ಚುವರಿ ತೂಕದ ಶೇ. 43ರಷ್ಟನ್ನು ಕಳೆದುಕೊಂಡಾಗಿದೆ, ಇಳಿಕೆಯ ಅವಧಿ ಇನ್ನೂ ಮುಂದಿದೆ. ನೆಂಟರ ಕಣ್ಣಿಗೆ ಸೋಲಾಗಿ ಕಂಡದ್ದು ವೈದ್ಯರ ಕಡತದಲ್ಲಿ ಸರಿಯಾದ ದಾರಿಯಲ್ಲೇ ಇದೆ.

ದೀರ್ಘಕಾಲದ ಚಿತ್ರ ಕೊಡುವುದು ಸ್ವೀಡನ್ ದೇಶದ ಅಧ್ಯಯನ. 1987ರಲ್ಲಿ ಆರಂಭವಾದ ಇದರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2,010 ಮಂದಿಯನ್ನು, ಸಾಮಾನ್ಯ ಚಿಕಿತ್ಸೆ ಪಡೆದ 2,037 ಮಂದಿಯೊಂದಿಗೆ ಹೋಲಿಸಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿದಿದ್ದರು; ಹತ್ತು ವರ್ಷಗಳ ನಂತರ ಅದು ಶೇ. 25ಕ್ಕೆ ಬಂದು ನಿಂತಿತ್ತು. 120 ಕಿಲೋ ಇದ್ದವರು 82ಕ್ಕೆ ಇಳಿದು, ಹತ್ತು ವರ್ಷದ ಹೊತ್ತಿಗೆ 90ಕ್ಕೆ ಏರಿದಂತೆ. ಹೀಗೆ ಒಂದಿಷ್ಟು ತೂಕ ಮರಳುವುದು ಅಪವಾದವಲ್ಲ, ಅದೇ ಸಾಮಾನ್ಯ. ಹಾಗಿದ್ದೂ ವಯಸ್ಸು, ಲಿಂಗ ಹಾಗೂ ಇತರ ಅಪಾಯಗಳನ್ನು ಸರಿದೂಗಿಸಿ ನೋಡಿದಾಗ ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವಿನ ಸಂಭವ ಶೇ. 29ರಷ್ಟು ಕಡಿಮೆಯಿತ್ತು. ಬದುಕನ್ನು ಹಿಗ್ಗಿಸಲು ತೆಳ್ಳಗಿನ ಸೊಂಟವೇ ಬೇಕೆಂದಿಲ್ಲ ಎಂಬುದು ಇದರ ಸಾರ.

ತಟ್ಟೆಯಲ್ಲಿ ಏನಿದೆ?

ಮುಳ್ಳು ನಿಂತಾಗ ಉಪವಾಸ ಮಾಡುವುದು ತಪ್ಪು ಮದ್ದು. ಸಾಕಷ್ಟು ಪ್ರೊಟೀನ್ ಸಿಗದಿದ್ದರೆ ದೇಹ ಸ್ನಾಯುವನ್ನೇ ಕರಗಿಸುತ್ತದೆ. ಸ್ನಾಯು ಕಡಿಮೆಯಾದರೆ ಶಕ್ತಿಯ ಖರ್ಚು ಇನ್ನೂ ಕುಗ್ಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕೆಂಬುದು ಸಾಮಾನ್ಯ ಸಲಹೆ. ಅನ್ನ ಸಾರು ನೆಚ್ಚಿಕೊಂಡ ಸಸ್ಯಾಹಾರಿಗೆ ಪುಟ್ಟ ಹೊಟ್ಟೆಯಲ್ಲಿ ಇದನ್ನು ತುಂಬುವುದು ಸುಲಭವಲ್ಲ. ಆದರೂ ಅಸಾಧ್ಯವಲ್ಲ: ಅರ್ಧ ಲೀಟರ್ ಹಾಲು ಮೊಸರಿನಿಂದ ಸುಮಾರು 16 ಗ್ರಾಂ, 100 ಗ್ರಾಂ ಪನೀರಿನಿಂದ 18, 30 ಗ್ರಾಂ ಒಣ ಸೋಯಾ ಉಂಡೆಯಿಂದ 15, 50 ಗ್ರಾಂ ಹೆಸರುಕಾಳು ಅಥವಾ ಹುರುಳಿಯಿಂದ 11. ಇಡೀ ದಿನಕ್ಕೆ ಹಂಚಿಕೊಂಡರೆ ಸುಮಾರು 60 ಗ್ರಾಂ ಆಗುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದೊಂದರಲ್ಲೂ 6 ಗ್ರಾಂ. ಕಾಳು, ಪಲ್ಯ ಮೊದಲು; ಮುದ್ದೆ, ಅನ್ನ ಆಮೇಲೆ. ಊಟದ ಜೊತೆಗೆ ನೀರು ಬೇಡ. ಅರ್ಧ ಗಂಟೆಯ ಅಂತರವಿರಲಿ.

ಇನ್ನೊಂದು ಕಳ್ಳದಾರಿಯಿದೆ. ಚಿಕ್ಕ ಜಠರ ಗಟ್ಟಿ ಆಹಾರವನ್ನು ತಡೆಯುತ್ತದೆ. ಆದರೆ ಸಕ್ಕರೆ ಹಾಕಿದ ಕಾಫಿ, ಹಣ್ಣಿನ ರಸ, ಐಸ್‌ಕ್ರೀಂ, ಪಾಯಸಗಳು ಸಲೀಸಾಗಿ ಇಳಿದುಹೋಗುತ್ತವೆ. ಟಿವಿ ಮುಂದೆ ಕುಳಿತು ಮೆಲ್ಲುವ ಖಾರಾ ಮಿಕ್ಸ್ಚರ್, ಕೋಡುಬಳೆಗಳೂ ಅಷ್ಟೇ. ಒಂದು ವಾರ ತಿಂದದ್ದನ್ನೆಲ್ಲ ಪ್ರಾಮಾಣಿಕವಾಗಿ ಬರೆದಿಟ್ಟರೆ ನಿಲುಗಡೆಯ ಕಾರಣ ಅನೇಕ ಬಾರಿ ಅಲ್ಲಿಯೇ ಸಿಗುತ್ತದೆ. ನಡಿಗೆಯ ಜೊತೆಗೆ ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮ ಬೇಕು.

ಯಂತ್ರಕ್ಕೆ ಕಾಣದ್ದು

ತೂಕದ ಯಂತ್ರ ಒಂದನ್ನು ಮಾತ್ರ ಅಳೆಯುತ್ತದೆ. ಬಿಪಿ ಮಾತ್ರೆ ಎರಡರಿಂದ ಒಂದಕ್ಕೆ ಇಳಿದದ್ದು, ಗೊರಕೆ ನಿಂತು ಮನೆಮಂದಿ ನಿದ್ದೆ ಮಾಡುವಂತಾದದ್ದು, ಬಿಎಂಟಿಸಿ ಬಸ್ಸಿನ ಮೆಟ್ಟಿಲು ಮಂಡಿ ನೋಯದೆ ಹತ್ತಿದ್ದು, ಹಳೆಯ ರವಿಕೆಗೆ ಎರಡು ಹೊಲಿಗೆ ಹಿಡಿಸಿದ್ದು, ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ನಿತ್ಯ ಬೆಳಿಗ್ಗೆ ಯಂತ್ರ ಹತ್ತುವ ಬದಲು ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಬರೆದಿಡುವುದು ಮನಸ್ಸಿಗೂ ಹಿತ.

ಮನಸ್ಸಿನ ವಿಷಯ ಕಡೆಗಣಿಸುವಂತಹುದಲ್ಲ. ದುಃಖಕ್ಕೆ, ಒಂಟಿತನಕ್ಕೆ ತಿಂಡಿಯಲ್ಲಿ ಸಮಾಧಾನ ಕಂಡುಕೊಂಡಿದ್ದವರಿಗೆ ಆ ಬಾಗಿಲು ಮುಚ್ಚಿರುತ್ತದೆ. ಕೆಲವರು ಮದ್ಯದತ್ತ ವಾಲುತ್ತಾರೆ. ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುವುದರಿಂದ ಚಟವಾಗುವ ಅಪಾಯ ಹೆಚ್ಚು. ಆಪ್ತಸಮಾಲೋಚಕರ ಬಳಿ ಹೋಗುವುದೂ ಈ ಚಿಕಿತ್ಸೆಯ ಒಂದು ಭಾಗವೇ. ಮನೆಯವರು 'ಎಷ್ಟು ಇಳಿಯಿತು?' ಎನ್ನುವ ಬದಲು 'ಹೇಗಿದ್ದೀಯ?' ಎಂದರೆ ಅರ್ಧ ಭಾರ ಇಳಿದಂತೆ.

ತಡಮಾಡಬಾರದ ಸಂದರ್ಭಗಳು

ನಿಧಾನವೆಲ್ಲ ಸಹಜವೂ ಅಲ್ಲ. ಆರಂಭದ ತಿಂಗಳುಗಳಲ್ಲಿಯೇ ಇಳಿಕೆ ತೀರಾ ಕಡಿಮೆಯಿದ್ದರೆ, ಹಸಿವು ಹಳೆಯ ಮಟ್ಟಕ್ಕೆ ಮರಳಿದರೆ, ತೂಕ ಸತತವಾಗಿ ಏರತೊಡಗಿದರೆ ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್-ರೇ ಮೂಲಕ ಜಠರ ಹಿಗ್ಗಿದೆಯೇ ಎಂದು ನೋಡಬೇಕಾಗಬಹುದು. ಪದೇ ಪದೇ ವಾಂತಿಯಾಗುವುದು, ಕೈಕಾಲು ಜೋಮು, ನಡೆಯುವಾಗ ತೂರಾಟ, ಕಣ್ಣು ಮಂಜಾಗುವುದು ತುರ್ತಿನ ಲಕ್ಷಣಗಳು. ಬಿ1 ಜೀವಸತ್ವದ ಕೊರತೆ ನರಗಳಿಗೆ ಶಾಶ್ವತ ಹಾನಿ ಮಾಡಬಲ್ಲದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಪೂರಕಗಳು ಜೀವನಪರ್ಯಂತ ಬೇಕು. ತೂಕ ಇಳಿಯುತ್ತಿಲ್ಲವೆಂಬ ಬೇಸರದಲ್ಲಿ ಮಾತ್ರೆ ನಿಲ್ಲಿಸುವುದು, ತಪಾಸಣೆ ತಪ್ಪಿಸುವುದು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಮಾತ್ರ ಸಾಮಾನ್ಯ; ಪೋಷಣೆ ಸರಿಯಿದ್ದರೆ ಮತ್ತೆ ಬೆಳೆಯುತ್ತದೆ.

ಇಳಿಕೆ ಸಾಲದೆಂದು ಖಚಿತವಾದರೂ ದಾರಿಗಳಿವೆ. ಜಿಎಲ್‌ಪಿ-1 ಹಾರ್ಮೋನನ್ನು ಅನುಕರಿಸುವ ಔಷಧಗಳನ್ನು ಶಸ್ತ್ರಚಿಕಿತ್ಸೆಯ ನಂತರವೂ ವೈದ್ಯರು ಬಳಸುತ್ತಿದ್ದಾರೆ. ಈ ಬಗೆಯ ಟಿರ್ಜೆಪಟೈಡ್ ಹಾಗೂ ತೂಕ ಇಳಿಕೆಗೆಂದೇ ರೂಪಿಸಿದ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ವೈದ್ಯರ ನಿಗಾ ಇಲ್ಲದೆ ಇವುಗಳ ಗೊಡವೆ ಬೇಡ. ಎರಡನೆಯ ಶಸ್ತ್ರಚಿಕಿತ್ಸೆ ಕೊನೆಯ ಅಸ್ತ್ರ; ಮೊದಲನೆಯದಕ್ಕಿಂತ ಅದರಲ್ಲಿ ಅಪಾಯ ಹೆಚ್ಚು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಶೇ. 24ರಷ್ಟು ಸ್ತ್ರೀಯರು, ಶೇ. 22.9ರಷ್ಟು ಪುರುಷರು ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. ಅವರಲ್ಲಿ ಶಸ್ತ್ರಚಿಕಿತ್ಸೆಯ ಮೊರೆ ಹೋಗುವವರು ಕೆಲವರು ಮಾತ್ರ. ಅವರಿಗೆ ಸಿಗುವುದು ಒಂದು ಸಲಕರಣೆ, ಮಂತ್ರದಂಡವಲ್ಲ. ಬೊಜ್ಜು ಬೆಳೆದದ್ದು ಹತ್ತಿಪ್ಪತ್ತು ವರ್ಷಗಳಲ್ಲಿ. ಹತ್ತಿಪ್ಪತ್ತು ವಾರಗಳಲ್ಲಿ ಅದು ಹೋಗಬೇಕೆಂದು ಹಟ ಹಿಡಿದರೆ ನಿರಾಸೆಯೇ ಗತಿ. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಮುಳ್ಳು ನಿಂತ ದಿನ ಮಾಡಬೇಕಾದದ್ದು ಇಷ್ಟೇ: ಊಟ ಬಿಡದಿರುವುದು, ಮಾತ್ರೆ ಮರೆಯದಿರುವುದು ಮತ್ತು ಮುಂದಿನ ತಪಾಸಣೆಗೆ ತಲೆ ಎತ್ತಿಕೊಂಡೇ ಹೋಗುವುದು.